ಕುಡಿತ ಬಿಟ್ಟಾಯ್ತು, ಕೆಲಸ ಸಿಕ್ತಿಲ್ಲ (ಮುಂಬೈ)

ಪ್ರಶ್ನೆ: ಡೊಂಬಿವಲಿಲಿ ಇದೀನಿ. ಬಾರಲ್ಲಿ ಕ್ಯಾಪ್ಟನ್ ಆಗಿದ್ದೆ, ಕುಡಿತ ಹತ್ತಿದ್ದೂ ಅಲ್ಲೇ. ಟ್ರೀಟ್ಮೆಂಟ್ ಮುಗೀತು, ಆದ್ರೆ ಕೆಲಸ ಅಂತ ಯಾರನ್ನ ಕೇಳಿದ್ರೂ ವಾಪಸ್ ಬಾರಿಗೇ ಬಾ ಅಂತಾರೆ, ಗುರ್ತಿರೋರೆಲ್ಲ ಅದೇ ಲೈನು. ಬೇರೆ ಕಡೆ ಇಂಟರ್‌ವ್ಯೂಲಿ ಗ್ಯಾಪ್ ಯಾಕೆ ಅಂದ್ರೆ ಏನ್ ಹೇಳ್ಲಿ?

ಉತ್ತರ 1: ಮಾರಾಯ್ರೆ, ಸಂಬಳ ಎಷ್ಟೇ ಕೊಡ್ಲಿ ಬಾರ್ ಬೇಡ. ಮಾಟುಂಗಾ ಕಡೆ ಪ್ಯೂರ್ ವೆಜ್ ಉಡುಪಿ ಹೋಟೆಲಲ್ಲಿ ಕೌಂಟರ್, ಸ್ಟೋರ್ ಕೆಲಸ ಕೇಳಿ, ಬೆಳಗಿನ ಶಿಫ್ಟೇ ಕೇಳಿ, ನಸುಕಲ್ಲಿ ಏಳ್ಬೇಕಲ್ಲ, ರಾತ್ರಿ ತಿರ್ಗಾಟ ತಾನಾಗೇ ನಿಲ್ತದೆ. ಹುಡುಗ್ರ ರೂಮಲ್ಲಿ ಮಾತ್ರ ಉಳೀಬೇಡಿ, ಶಟರ್ ಎಳೆದ ಮೇಲೆ ಕೆಲವರು ಕ್ವಾರ್ಟರ್ ತೆಗೀತಾರೆ.

ಉತ್ತರ 2: ಪುಣೆದಾಗಿಂದ ಬರೀಲಿಕತ್ತೀನ್ರಿ. ಗ್ಯಾಪಿಗೆ ಆರೋಗ್ಯ ಸರಿ ಇರ್ಲಿಲ್ಲ, ಈಗ ಆರಾಮದೀನಿ ಅಂದ್ರ ಸಾಕು, ಸುಳ್ಳೂ ಅಲ್ಲ. ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗಿಗೆ ಫೀಸಿಲ್ಲ, ಕೆಲ್ಸ ಸಿಕ್ಕಮ್ಯಾಲೂ ಬಿಡಬ್ಯಾಡ್ರಿ. ಇಲ್ಲಿ ಮುಕ್ತಾಂಗಣ ಅಂತ ಕುಡಿತ ಬಿಡಿಸೋ ಕೇಂದ್ರ 1986ರಿಂದ ಐತಿ, ಬೇಕಂದ್ರ ಬರ್ರಿ.

ಉತ್ತರ 3: ಅಣ್ಣ, ಕುಡೀದೇ ಇರೋಕೆ ಕೊಡೋ ಡೈಸಲ್ಫಿರಾಮ್ ಗುಳಿಗೆ ತಗೊಳ್ತಿದ್ರೆ ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ಪೂ ಆಗಲ್ಲ, ಡಾಕ್ಟರ್ ಕೇಳಿ. ತೀರಾ ಆಸೆಯಾದ್ರೆ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ನಾಳೆ ಮಾಟುಂಗಾ ಹೋಗ್ತೀನಿ, ಅಲ್ಲಿ ಹಳೇ ಬಾರಿನ ಸೇಠ್‌ದು ನಂಬರ್ ಕೇಳಿದ್ರೆ ಕೊಡ್ಲಾ ಬೇಡ್ವಾ?