ಬೆಕ್ಕು ಕೌದಿ ಮೇಲೆ, ನಾಯಿ ಟ್ರೇ ಒಳಗೆ: ಡಾಕ್ಟರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಗೃಹಿಣಿ, ಜೇವರ್ಗಿ ರಸ್ತೆ, ಕಲಬುರಗಿ):
ನಮಸ್ಕಾರ ರೀ ಸರ್. ನಮ್ಮ ಮನೆಯಲ್ಲಿ ಶೇರು ಅಂತ ನಾಲ್ಕು ವರ್ಷದ ದೇಸಿ ನಾಯಿ ಇದ್ದಾನೆ. ಹೋದ ಮಳೆಗಾಲದಲ್ಲಿ ಒಂದು ಗಂಡು ಬೆಕ್ಕಿನ ಮರಿ ತಾನಾಗೇ ಬಂದು ಸೇರಿಕೊಂಡಿತು. ಮುನ್ನಾ ಅಂತ ಹೆಸರಿಟ್ಟೆವು. ಆಪರೇಷನ್ ಮಾಡಿಸಿದ್ದೇವೆ. ಬಚ್ಚಲಿಗೆ ಹೋಗುವ ಸಂದಿಯಲ್ಲಿ ಒಂದು ಟ್ರೇ ಇಟ್ಟು ಲಿಟರ್ (ಬೆಕ್ಕು ಉಚ್ಚೆ, ಕಕ್ಕಸು ಮಾಡಿ ಮುಚ್ಚುವ ಮರಳಿನಂಥ ಪುಡಿ) ಹಾಕಿದ್ದೆ. ಏಳೆಂಟು ತಿಂಗಳು ಏನೂ ತಕರಾರಿರಲಿಲ್ಲ. ಈಗ ಮೂರು ವಾರದಿಂದ ಮುನ್ನಾ ಕೌದಿಗಳ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಟ್ರೇಗೆ ಹೋದರೂ ಅರ್ಧಕ್ಕೇ ಎದ್ದು ಓಡುತ್ತಾನೆ. ಅವನು ಓಡಿದ ಕೂಡಲೇ ಶೇರು ಬಂದು ಟ್ರೇಯಲ್ಲಿ ಇರೋದನ್ನು ತಿಂದುಬಿಡುತ್ತಾನೆ! ಹೇಳೋಕೂ ಅಸಹ್ಯ. ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸಿದರೂ ವಾಸನೆ ಹೋಗುತ್ತಿಲ್ಲ. ನೆಲ ಶಹಾಬಾದ್ ಫರ್ಸಿ. ನಮ್ಮ ಅತ್ತೆಯವರು "ಎರಡರಾಗ ಒಂದನ್ನ ಹೊಲಕ್ಕ ಬಿಟ್ಟು ಬಾ" ಅಂತಿದ್ದಾರೆ. ಏನು ಮಾಡಲಿ?

ಡಾಕ್ಟರ್:
ಅಕ್ಕಾವ್ರೆ, ಯಾರನ್ನೂ ಹೊಲಕ್ಕೆ ಕಳಿಸಬೇಡಿ. ಆದರೆ ಶೇರು ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ಮುನ್ನಾಗೆ ಉಚ್ಚೆ ಸಲೀಸಾಗಿ ಬರುತ್ತಿದೆಯಾ? ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳಿನಂಥ ಪುಡಿ, ಲೋಳೆ ಸೇರಿ ಅದು ಕಟ್ಟಿಕೊಳ್ಳುತ್ತದೆ. ಪದೇ ಪದೇ ಕೂತು ತಿಣುಕುವುದು, ಹನಿ ಹನಿ ಬರುವುದು, ಕೂಗುವುದು, ಕೆಳಗಡೆ ನೆಕ್ಕುತ್ತಲೇ ಇರುವುದು ಕಂಡರೆ ಅದು ಹಟವೂ ಅಲ್ಲ, ಮಲಬದ್ಧತೆಯೂ ಅಲ್ಲ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯಾದರೂ ಸರಿ, ಹತ್ತಿರದ ಪಶುವೈದ್ಯರನ್ನು ಎಬ್ಬಿಸಿ. ಬೀದರಿನ ಪಶುವೈದ್ಯಕೀಯ ಕಾಲೇಜಿಗೇ ಒಯ್ಯುತ್ತೇವೆ ಎಂದು ಬೆಳಗಿನವರೆಗೆ ಕಾಯುವವರಿದ್ದಾರೆ. ಅದು ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಮೊದಲು ಊರಲ್ಲೇ ನಳಿಕೆ ಹಾಕಿಸಿ ಉಚ್ಚೆ ಬಿಡಿಸಿ, ಆಮೇಲೆ ದೊಡ್ಡ ಆಸ್ಪತ್ರೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆ ಅರ್ಧ ಕೊಟ್ಟು ನೋಡೋಣ ಅನ್ನಬೇಡಿ. ಬೆಕ್ಕಿಗೆ ಅದು ವಿಷ.

ಇದನ್ನು ನೋಡಿ ಹೇಳಿ. ಜೊತೆಗೆ, ಮೂರು ವಾರದ ಹಿಂದೆ ಮನೆಯಲ್ಲಿ ಏನು ಬದಲಾಯಿತು ಅಂತಲೂ ನೆನಪು ಮಾಡಿಕೊಳ್ಳಿ.

ಗೃಹಿಣಿ:
ಉಚ್ಚೆ ಚೆನ್ನಾಗೇ ಬರ್ತದೆ ಸರ್, ಕೌದಿ ಹಿಂಡಿದರೆ ನೀರು ಬೀಳುತ್ತೆ! ನಿನ್ನೆ ಒಬ್ಬ ಡಾಕ್ಟರಿಗೆ ತೋರಿಸಿದೆ. ಉಚ್ಚೆ ಟೆಸ್ಟ್ ಮಾಡಿ ಏನೂ ತೊಂದರೆ ಇಲ್ಲ ಅಂದರು. ಬದಲಾವಣೆ ಅಂದರೆ... ಯುಗಾದಿ ಆದಮೇಲೆ ಕೂಲರ್ ಹೊರಗೆ ತೆಗೆದೆವು. ಸಂದಿಯ ಕಿಟಕಿಗೇ ಇಟ್ಟಿದ್ದೇವೆ. ಶೇರು ಇಡೀ ದಿನ ಅದರ ಮುಂದೆಯೇ ಬಿದ್ದಿರುತ್ತಾನೆ.

ಡಾಕ್ಟರ್:
ಸಿಕ್ಕಿತು ನೋಡಿ ಕಳ್ಳ!

ಮುನ್ನಾ ಟ್ರೇಯನ್ನು ಬಿಟ್ಟಿಲ್ಲ. ಟ್ರೇಗೆ ಹೋಗುವ ದಾರಿ ಹೋಗಿದೆ. ಬೆಕ್ಕು ಕೂತಾಗ ಅದಕ್ಕೆ ಎರಡು ಧೈರ್ಯ ಬೇಕು: ಯಾರು ಬರುತ್ತಿದ್ದಾರೆ ಕಾಣಬೇಕು, ಬಂದರೆ ಓಡಲು ಇನ್ನೊಂದು ಕಡೆ ಜಾಗ ಇರಬೇಕು. ನಿಮ್ಮ ಸಂದಿಗೆ ಒಂದೇ ಬಾಯಿ. ಆ ಬಾಯಲ್ಲಿ ನಾಯಿ ಮಲಗಿದೆ. ತಲೆ ಮೇಲೆ ಕೂಲರ್ ಬೊರ್ರ್ ಅಂತಿದೆ. ಸಾಲದ್ದಕ್ಕೆ ನಾಯಿ, ಬೆಕ್ಕು ಯಾವಾಗ ಮುಗಿಸುತ್ತೋ ಅಂತ ಕಾಯುತ್ತಿದೆ. ನೀವಾದರೂ ಹೋಗ್ತೀರಾ? ಕೌದಿ ಗಂಟು ಎತ್ತರದಲ್ಲಿದೆ, ಮೆತ್ತಗಿದೆ, ನಾಲ್ಕೂ ಕಡೆ ಕಾಣುತ್ತದೆ. ಬೆಕ್ಕಿನ ಲೆಕ್ಕದಲ್ಲಿ ಅದು ಸರಿಯಾದ ಆಯ್ಕೆಯೇ.

ಹಾಗಾಗಿ ಟ್ರೇಯನ್ನು ನಾಯಿ ಮುಟ್ಟದ, ಬೆಕ್ಕು ಮುಟ್ಟುವ ಜಾಗಕ್ಕೆ ಒಯ್ಯಿರಿ. ಸುಲಭದ ಉಪಾಯ, ಒಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಸಣ್ಣ ಸರಪಳಿ ಕೊಂಡಿ ಹಾಕಿ, ಬಾಗಿಲು ನಾಲ್ಕೈದು ಇಂಚು ಮಾತ್ರ ತೆರೆದು ನಿಲ್ಲುವಂತೆ ಮಾಡುವುದು. ಮುನ್ನಾ ನುಸುಳುತ್ತಾನೆ, ಶೇರು ತಲೆ ಹಾಕಿ ಸುಮ್ನೆ ನಿಲ್ಲುತ್ತಾನೆ. ಕೋಣೆ ಇಲ್ಲದಿದ್ದರೆ ಗಟ್ಟಿಯಾದ ಮೇಜಿನ ಮೇಲೆ ಇಡಿ, ಹತ್ತಲು ಪಕ್ಕದಲ್ಲೊಂದು ಸ್ಟೂಲ್. ಮುಚ್ಚಳದ ಟ್ರೇ ತರಬೇಡಿ. ನಾಯಿ ಇರುವ ಮನೆಯಲ್ಲಿ ಅದು ಬೋನಿದ್ದ ಹಾಗೆ. ಹಳೆಯ ಟ್ರೇಯನ್ನು ಒಮ್ಮೆಲೇ ಎತ್ತಿಬಿಡಬೇಡಿ. ಹೊಸದನ್ನು ಬಳಸಲು ಶುರು ಮಾಡಿದ ಮೇಲೆ ತೆಗೆಯಿರಿ. ನಿಜ ಹೇಳಬೇಕೆಂದರೆ ಒಂದು ಬೆಕ್ಕಿಗೆ ಎರಡು ಟ್ರೇ ಇರಬೇಕು, ಬೇರೆ ಬೇರೆ ಜಾಗದಲ್ಲಿ. ಅಂಗಡಿಯ ಟ್ರೇಗಳು ಸಣ್ಣವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದ ಅಳೆದು, ಅದರ ಒಂದೂವರೆ ಪಟ್ಟು ಉದ್ದದ ಪ್ಲಾಸ್ಟಿಕ್ ಟಬ್ ತನ್ನಿ. ಲಿಟರ್ ಎರಡು ಇಂಚು ಸಾಕು.

ಶೇರು ತಿನ್ನುವುದು ಹಸಿವಿಗಲ್ಲ. ಬೆಕ್ಕಿನ ಆಹಾರದಲ್ಲಿ ಪ್ರೋಟೀನ್ ಜಾಸ್ತಿ, ಆ ವಾಸನೆ ಹೊರಗೆ ಬಂದದ್ದರಲ್ಲೂ ಉಳಿದಿರುತ್ತದೆ. ನಾಯಿಯ ಮೂಗಿಗೆ ಅದು ತಿಂಡಿ. ಬಯ್ದರೆ ಬಿಡುವುದಿಲ್ಲ, ನೀವು ನೋಡದಾಗ ಬೇಗ ಬೇಗ ತಿನ್ನುವುದನ್ನು ಕಲಿಯುತ್ತಾನೆ ಅಷ್ಟೇ. ಖಾರದ ಪುಡಿ ಉದುರಿಸುವವರೂ ಇದ್ದಾರೆ. ದಯವಿಟ್ಟು ಬೇಡ, ಮೊದಲು ಉರಿಯುವುದು ಬೆಕ್ಕಿನ ಪಾದ. ಹೊಟ್ಟೆಹುಳ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಗಡ್ಡೆ ಕಟ್ಟುವ ಲಿಟರ್ ಜಾಸ್ತಿ ಹೋದರೆ ಕರುಳಲ್ಲೂ ಕಟ್ಟಿಕೊಳ್ಳಬಹುದು. ಇಬ್ಬರಿಗೂ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಹುಳದ ಔಷಧಿ ಹಾಕಿಸಿ.

ಇನ್ನು ಫಿನಾಯಿಲ್. ಇದನ್ನು ಇವತ್ತೇ ನಿಲ್ಲಿಸಿ. ಫಿನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಿಕೊಳ್ಳಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದು ನೇರ ಹೊಟ್ಟೆಗೆ. ಬ್ಲೀಚಿಂಗ್ ಕೂಡ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕೆಟ್ಟ ಗಾಳಿ ಏಳುತ್ತದೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ವಿನೆಗರ್ ಹಾಕಿ ಅಂತಾರೆ. ಟೈಲ್ಸಿಗೆ ಸರಿ. ನಿಮ್ಮದು ಶಹಾಬಾದ್ ಫರ್ಸಿ, ಅಂದರೆ ಸುಣ್ಣದ ಕಲ್ಲು. ಹುಳಿ ಬಿದ್ದರೆ ಕಲ್ಲು ತಿಂದು ಮಚ್ಚೆಯಾಗುತ್ತದೆ. ನಿಂಬೆಹಣ್ಣೂ ಅಷ್ಟೇ. ಈ ಕಲ್ಲು ಉಚ್ಚೆಯನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಮೇಲೆ ಒರೆಸಿದರೆ ಹೋಗುವುದಿಲ್ಲ. ಮೊದಲು ಒಣಬಟ್ಟೆ ಒತ್ತಿ ಹೀರಿ. ತಣ್ಣೀರು ಹಾಕಿ ಮತ್ತೆ ಹೀರಿ. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ (ಉಚ್ಚೆಯ ವಾಸನೆಯನ್ನು ಬುಡದಿಂದ ಒಡೆದುಹಾಕುವ ದ್ರಾವಣ) ಧಾರಾಳವಾಗಿ ಸುರಿದು, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಕಲ್ಲುಗಳ ನಡುವಿನ ಸಂದಿಗೂ ಇಳಿಯಲಿ. ಕೌದಿಗೂ ಅದೇ ಕ್ಲೀನರ್ ಹಾಕಿ ನೆನೆಸಿ, ಒಗೆದು, ಮಾಳಿಗೆ ಮೇಲೆ ಹರವಿ. ನಮ್ಮ ಊರಲ್ಲಿ ಬಿಸಿಲಿಗೇನು ಬರವಿಲ್ಲವಲ್ಲ!

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಆಳಂದ ರಸ್ತೆ):
ಸರ್, ನಮ್ಮದು ಉಲ್ಟಾ. ಮೂರು ತಿಂಗಳ ನಾಯಿಮರಿ ಬೆಕ್ಕಿನ ಟ್ರೇಯಲ್ಲೇ ಹೋಗುತ್ತಿದೆ. ಒಳ್ಳೇದೇ ಅಲ್ವಾ? ಮಧ್ಯಾಹ್ನ ಹೊರಗೆ ಕರೆದೊಯ್ಯಲು ಆಗೋದೇ ಇಲ್ಲ, 43 ಡಿಗ್ರಿ ಬಿಸಿಲು.

ಡಾಕ್ಟರ್:
ಈಗ ಚಂದ ಕಾಣುತ್ತದೆ ತಮ್ಮ. ಆರು ತಿಂಗಳಾದ ಮೇಲೆ ಅದು ಕಾಲೆತ್ತಿ ಗೋಡೆಗೆ ಹೊಯ್ಯುವಾಗ ನೆನಪಿಸಿಕೋ! ಬೆಕ್ಕೂ ಆ ಟ್ರೇಯನ್ನು ಬಿಟ್ಟು ಬೇರೆ ಮೂಲೆ ಹುಡುಕುತ್ತದೆ. ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದು ಸೇರಿಸು, ಹೆಚ್ಚೆಂದರೆ ಅಷ್ಟು ತಾಸು ತಡೆಯುತ್ತದೆ. ನಿನ್ನ ಮರಿಗೆ ನಾಲ್ಕು, ಅದೂ ಮಲಗಿದ್ದರೆ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಎತ್ತಿಕೊಂಡೇ ಹೋಗು. ಮಾಡಿದ ಆ ಕ್ಷಣವೇ ಒಂದು ಚೂರು ತಿನಿಸು ಕೊಡು, ಮನೆಯೊಳಗೆ ಬಂದ ಮೇಲೆ ಅಲ್ಲ. ಮಧ್ಯಾಹ್ನಕ್ಕೆ ಅಂಗಳದ ನೆರಳಿನಲ್ಲಿ ಒಂದು ಜಾಗ ಗೊತ್ತು ಮಾಡು, ಅಂಗಳ ಇಲ್ಲದಿದ್ದರೆ ಅಗಲವಾದ ಬೋಗುಣಿಯಲ್ಲಿ ಮಣ್ಣು. ಡಾಂಬರ್ ರಸ್ತೆಗೆ ಅಂಗೈಯ ಹಿಂಭಾಗ ಒತ್ತಿ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಪ್ರಶ್ನೆ (ಓದುಗರೊಬ್ಬರು, ಶಹಾಬಜಾರ್):
ಲಿಟರ್ ಬಹಳ ತುಟ್ಟಿ ರೀ. ತೊಗರಿ ಹೊಟ್ಟು ಹಾಕಬಹುದಾ? ಮನೆ ತುಂಬ ಬಿದ್ದಿದೆ.

ಡಾಕ್ಟರ್:
ತೊಗರಿ ಕಣಜದವರಿಗೆ ಇದೇ ನೆನಪಾಗಬೇಕು ಬಿಡ್ರಿ! ಎಮ್ಮೆಗೆ ಹಾಕಿ, ಬೆಕ್ಕಿಗೆ ಬೇಡ. ಒದ್ದೆಯಾದರೆ ಬೂಷ್ಟು ಬರುತ್ತದೆ, ಹುಳ ಬೀಳುತ್ತದೆ, ಬೆಕ್ಕಿಗೆ ಕೆದರಿ ಮುಚ್ಚಲೂ ಬರುವುದಿಲ್ಲ. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಸಣ್ಣ ಮರಳು ಸಾಕು. ಗಲೀಜು ದಿನಾ ಎತ್ತಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಕಮೋಡಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟಿ ಪ್ಲಂಬರನ ಖರ್ಚು ಲಿಟರಿಗಿಂತ ಜಾಸ್ತಿ ಆಗುತ್ತದೆ.

ಪ್ರಶ್ನೆ (ತಾಯಿ, ಬ್ರಹ್ಮಪುರ):
ಮಗಳು ಐದು ತಿಂಗಳ ಗರ್ಭಿಣಿ, ತವರಿಗೆ ಬಂದಿದ್ದಾಳೆ. ಬೆಕ್ಕಿನ ಉಚ್ಚೆ ವಾಸನೆಗೇ ಕೂಸಿಗೆ ತೊಂದರೆ ಅಂತ ಓಣಿಯವರು ಹೆದರಿಸುತ್ತಿದ್ದಾರೆ.

ಡಾಕ್ಟರ್:
ವಾಸನೆಯಿಂದ ಅಲ್ಲ ತಾಯಿ. ಟೊಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಮಲದಲ್ಲಿ ಇರಬಹುದು. ಅದು ಹೊರಬಿದ್ದು ಒಂದರಿಂದ ಐದು ದಿನ ಕಳೆದ ಮೇಲೆ ಮಾತ್ರ ಸೋಂಕು ಹತ್ತಿಸುತ್ತದೆ. ಹಾಗಾಗಿ ದಿನಾ ಎತ್ತಿದರೆ ಅರ್ಧ ಭಯ ಹೋಯಿತು. ಎತ್ತುವುದು ನೀವು, ಮಗಳಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಮಣ್ಣು ಮುಟ್ಟಿದ ಕೈ, ಇವುಗಳಿಂದಲೂ ಅದು ಬರುತ್ತದೆ. ಬೆಕ್ಕನ್ನು ಹೊರಹಾಕಿ ಇವನ್ನು ಮರೆಯುವವರೇ ಜಾಸ್ತಿ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಇಲಿ ಬೇಟೆಗೆ ಬಿಡಬೇಡಿ. ಮನೆಯಲ್ಲಿ ಬೆಕ್ಕಿದೆ ಅಂತ ಹೆರಿಗೆ ಡಾಕ್ಟರಿಗೂ ತಿಳಿಸಿ. ರಕ್ತ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ.

ಗೃಹಿಣಿ (ಹನ್ನೆರಡು ದಿನದ ನಂತರ):
ಸರ್, ದೇವರ ಕೋಣೆ ಪಕ್ಕದ ಸಾಮಾನಿನ ಕೋಣೆಗೆ ಕೊಂಡಿ ಹಾಕಿಸಿದೆ. ಎಂಟು ದಿನದಿಂದ ಕೌದಿ ಒಣಗಿದೆ! ಶೇರು ಬಾಗಿಲ ಸಂದಿಗೆ ಮೂಗಿಟ್ಟು ಒಂದೊಂದು ತಾಸು ಕೂರುತ್ತಾನೆ. ಅತ್ತೆಯವರು "ಪಾಪ, ಅದಕ್ಕೂ ಏನಾದ್ರೂ ಕೊಡು" ಅಂತ ರೊಟ್ಟಿ ಚೂರು ಹಾಕುತ್ತಿದ್ದಾರೆ.

ಡಾಕ್ಟರ್:
ಬಾಗಿಲ ಮುಂದೆ ಹಾಕಬೇಡಿ ಅನ್ನಿ, ಮುನ್ನಾಗೆ ಮತ್ತೆ ದಾರಿ ಕಟ್ಟುತ್ತದೆ. ಕೂಲರ್ ಮುಂದೆ ಕರೆದು ಅಲ್ಲೇ ಕೊಡಲಿ. ಹುಳದ ಔಷಧಿ ಇನ್ನೂ ಬಾಕಿ ಇದೆ, ಈ ವಾರ ಇಬ್ಬರದೂ ತೂಕ ಮಾಡಿಸಿ.