ಇಂಗುಕಾಲುವೆಯ ಮೇಲೆ ನಮ್ಮ ನೆಲದ ಯಾವ ಗಿಡಗಳನ್ನು ಬೆಳೆಸಬಹುದು? ಅನುಭವ ಹಂಚಿಕೆ

ಪ್ರಶ್ನೆ, ತುಮಕೂರು ಸಮೀಪದಿಂದ

ಊರಾಚೆಯ ಕೆಂಪುಮಣ್ಣಿನ ಅರ್ಧ ಎಕರೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಇಲ್ಲಿ ಒಳಚರಂಡಿ ಇಲ್ಲದ ಕಾರಣ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ತೂತುಕೊಳವೆಗಳ ಮೂಲಕ ಜಲ್ಲಿ ತುಂಬಿದ ಮೂರು ಇಂಗುಕಾಲುವೆಗಳಿಗೆ ಬಿಟ್ಟಿದ್ದೇವೆ. ಮೇಲೆ ಮಣ್ಣು ಮುಚ್ಚಿದ ಜಾಗ ಈಗ ಬೋಳಾಗಿದ್ದು, ಮಳೆಗೆ ಕೊಚ್ಚಿಹೋಗುವ ಭಯವಿದೆ. ನರ್ಸರಿಯವರು ಕ್ಯಾನಾ ಮತ್ತು ಅಂಬ್ರೆಲ್ಲಾ ಹುಲ್ಲನ್ನು ಹಾಕಲು ಹೇಳುತ್ತಾರೆ. ನಮಗೆ ಈ ನೆಲದ್ದೇ ಆದ, ಹೆಚ್ಚು ನೀರು ಬೇಡದ ಗಿಡಗಳು ಬೇಕು. ಇಂತಹ ಜಾಗದಲ್ಲಿ ಗಿಡ ಬೆಳೆಸಿದವರು ದಯವಿಟ್ಟು ತಿಳಿಸಿ.

ಕೊರಟಗೆರೆಯಿಂದ

ಗಿಡದ ಹೆಸರು ಹುಡುಕುವುದಕ್ಕೆ ಮೊದಲು ಆ ಮಣ್ಣಿನಲ್ಲಿ ತೇವ ಎಲ್ಲಿರುತ್ತದೆ ಎಂಬುದನ್ನು ನೋಡಬೇಕು. ಸರಿಯಾಗಿ ಕೆಲಸ ಮಾಡುತ್ತಿರುವ ಇಂಗುಕಾಲುವೆಯಲ್ಲಿ ನೀರು ಜಲ್ಲಿಯ ತಳದಿಂದ ಕೆಳಕ್ಕೂ ಪಕ್ಕಕ್ಕೂ ಇಳಿಯುತ್ತದೆಯೇ ಹೊರತು ಮೇಲೇರುವುದಿಲ್ಲ. ಹೀಗಾಗಿ ಮೇಲಿನ ಒಂದು ಗೇಣು ಮಣ್ಣು ಬೇಸಿಗೆಯಲ್ಲಿ ಸುತ್ತಲಿನ ಹೊಲದಷ್ಟೇ, ಕೆಳಗೆ ಜಲ್ಲಿ ಇರುವುದರಿಂದ ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಒಣಗಿರುತ್ತದೆ. ಕೊಳಚೆ ನೀರು ಎಂದೊಡನೆ ಜೌಗಿನ ಗಿಡಗಳನ್ನು ಸೂಚಿಸುವವರು ಈ ಸಂಗತಿಯನ್ನು ಗಮನಿಸಿರುವುದಿಲ್ಲ. ನಮ್ಮ ಸೀಮೆಯಲ್ಲಿ ಬಜೆಯನ್ನು ಭತ್ತದಂತೆ ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುತ್ತಾರೆ, ಮತ್ತು ಬಚ್ಚಲ ನೀರು ಹರಿದು ನಿಲ್ಲುವ ತಗ್ಗಿಗೆ ಅದಕ್ಕಿಂತ ಒಳ್ಳೆಯ ದೇಸಿ ಗಿಡ ಕಡಿಮೆ. ಆದರೆ ಇಂಗುಕಾಲುವೆಯ ಮೇಲೆ ಬಜೆಯೋ ಆಪುಹುಲ್ಲೋ ಯಾರೂ ನೀರು ಹಾಕದೆ ಸೊಂಪಾಗಿ ಬೆಳೆದರೆ ಸಂತೋಷಪಡಬೇಡಿ, ಟ್ಯಾಂಕನ್ನು ತೆಗೆಸಿ ನೋಡಿ: ಕೆಸರು ತುಂಬಿ ಕಾಲುವೆಗೆ ಹೋಗಿರಬಹುದು, ಇಲ್ಲವೇ ಮಣ್ಣಿನ ರಂಧ್ರಗಳು ಕಟ್ಟಿಕೊಂಡು ನೀರು ಮೇಲಕ್ಕೆ ಒಸರುತ್ತಿರಬಹುದು.

ನಿಮ್ಮ ಕೆಂಪುಮಣ್ಣಿಗೆ ನನ್ನ ಮೊದಲ ಆಯ್ಕೆ ಗರಿಕೆ. ಅದು ಬಿಸಿಲಿಗೆ ಕಂದಿದರೂ ಸಾಯುವುದಿಲ್ಲ, ಗಂಟುಗಂಟಿಗೂ ಬೇರು ಬಿಟ್ಟು ಮಣ್ಣನ್ನು ಹಿಡಿಯುತ್ತದೆ, ಮೊದಲ ಮಳೆಗೆ ಮತ್ತೆ ಹಸಿರಾಗುತ್ತದೆ. ಅದರ ನಡುವೆ ವಿಷ್ಣುಕ್ರಾಂತಿ, ತುಂಬೆ, ನೆಲನೆಲ್ಲಿಗಳು ತಾವಾಗಿ ಬಂದರೆ ಕೀಳಬೇಡಿ. ತುಂಬೆ ಹೂವಿಗೆ ಜೇನು ಬರುವುದು ಹೆಚ್ಚಿನ ಲಾಭ. ಕ್ಯಾನಾ ಅಮೆರಿಕ ಖಂಡದ ಗಿಡ, ಅಂಬ್ರೆಲ್ಲಾ ಹುಲ್ಲು ಆಫ್ರಿಕಾದ್ದು. ಅವೆರಡೂ ನೀರು ಬೇಡುವುದರಿಂದ ನೀವು ಬೇಸಿಗೆಯಲ್ಲಿ ಕಾಲುವೆಯ ಮೇಲೆ ಪೈಪು ಹಿಡಿದು ನಿಲ್ಲಬೇಕಾಗುತ್ತದೆ, ಹಾಗೆ ಮೇಲಿನಿಂದ ಸುರಿದ ನೀರು ಇಂಗುವ ಕೆಲಸಕ್ಕೇ ಅಡ್ಡಿಯಾಗುತ್ತದೆ. ನೆಲ ಮುಚ್ಚಲೆಂದು ನರ್ಸರಿಗಳಲ್ಲಿ ಮಾರುವ ಹಳದಿ ಹೂವಿನ ವೆಡೆಲಿಯಾ ಕೂಡ ಅಮೆರಿಕದ್ದೇ. ಅದನ್ನು ಒಮ್ಮೆ ಬಿಟ್ಟರೆ ಪಕ್ಕದವರ ಹೊಲಕ್ಕೂ ನೀವೇ ಉತ್ತರ ಹೇಳಬೇಕಾದೀತು.

ಉಡುಪಿ ಜಿಲ್ಲೆಯಿಂದ

ನಮ್ಮಲ್ಲಿ ಸಮಸ್ಯೆ ತಿರುಗುಮುರುಗಾಗಿದೆ. ಮುರಕಲ್ಲಿನ ನೆಲದ ಬಿರುಕುಗಳಲ್ಲಿ ನೀರು ಸೋಸಿಕೊಳ್ಳದೆ ನೇರವಾಗಿ ಇಳಿದುಹೋಗುತ್ತದೆ, ಮತ್ತು ಪ್ರತಿ ಮನೆಗೂ ತೆರೆದ ಬಾವಿಯಿದೆ. ಇಂಗುವ ವ್ಯವಸ್ಥೆಯನ್ನು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇಡಬೇಕೆಂದು ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ಬಿರುಕುಬಿಟ್ಟ ಕಲ್ಲಿನ ನೆಲದಲ್ಲಿ ಅದೂ ಸಾಲದು ಎಂಬುದು ನನ್ನ ಅಭಿಪ್ರಾಯ. ಯಾವ ಗಿಡವೂ ಈ ದೂರಕ್ಕೆ ಬದಲಿಯಾಗಲಾರದು. ಗಿಡಗಳು ಸಾರಜನಕವನ್ನು ಒಂದಿಷ್ಟು ಹೀರಿ, ನೀರನ್ನು ಒಂದಿಷ್ಟು ಆವಿಯಾಗಿಸುತ್ತವೆ. ಆದರೆ ಆಷಾಢ, ಶ್ರಾವಣದ ಮಳೆಯಲ್ಲಿ ಮೋಡ ಕವಿದಾಗ ಆ ಕೆಲಸವೂ ಬಹುಮಟ್ಟಿಗೆ ನಿಂತುಹೋಗುತ್ತದೆ.

ಇಲ್ಲಿ ಬಚ್ಚಲ ನೀರನ್ನೂ ಶೌಚದ ನೀರನ್ನೂ ಬೇರೆಬೇರೆಯಾಗಿ ಬಿಡುವ ಹಳೆಯ ಕ್ರಮವನ್ನು ಉಳಿಸಿಕೊಂಡ ಮನೆಗಳಿಗೆ ಗಿಡದ ಆಯ್ಕೆ ಸುಲಭ. ಬಚ್ಚಲ ನೀರಿನ ಹಾದಿಯಲ್ಲಿ ಕೆಸು, ಬಾಳೆ, ನೆರಳಿದ್ದರೆ ಚೆಂಗಳಕೋಷ್ಟ ಇವು ಚೆನ್ನಾಗಿ ಬರುತ್ತವೆ. ಕ್ಯಾನಾ ಬೇಕೆನ್ನುವವರಿಗೆ ಚೆಂಗಳಕೋಷ್ಟದ ಬಿಳಿಯ ಹೂವನ್ನು ಒಮ್ಮೆ ತೋರಿಸಿದರೆ ಸಾಕು. ಬಚ್ಚಲ ಹಿಂದಿನ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವುದನ್ನು ಯಾರೂ ಬಿಡುವುದಿಲ್ಲ, ಬೇಯುವ ಪದಾರ್ಥವಾದ್ದರಿಂದ ನಾನೂ ಆಕ್ಷೇಪಿಸುವುದಿಲ್ಲ. ಆದರೆ ಸೆಪ್ಟಿಕ್ ಟ್ಯಾಂಕಿನ ನೀರು ಹೋಗುವ ಕಾಲುವೆಯ ಮೇಲೆ ಬೆಳೆದ ಒಂದೆಲಗ, ಹೊನಗೊನ್ನೆ, ಬಸಳೆ, ಗೆಡ್ಡೆಗೆಣಸು ಯಾವುದನ್ನೂ ಅಡುಗೆಮನೆಗೆ ತರಬೇಡಿ. ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತ ಉಳಿಯಬಲ್ಲವು, ಒಂದೆಲಗದ ಚಟ್ನಿಯನ್ನಂತೂ ನಾವು ಹಸಿಯಾಗಿಯೇ ಅರೆಯುತ್ತೇವೆ.

ಪ್ರಶ್ನೆ ಕೇಳಿದವರಿಂದ

ನಮ್ಮ ಕೊಳವೆಬಾವಿ ಕಾಲುವೆಗಳಿಗಿಂತ ಎತ್ತರದಲ್ಲಿ, ಸುಮಾರು 40 ಮೀಟರ್ ಆಚೆ ಇದೆ. ಗರಿಕೆಯನ್ನು ಹಾಕುವುದೆಂದು ತೀರ್ಮಾನಿಸಿದೆವು. ಕೊಳಚೆ ನೀರಿಗೆ ಲಾವಂಚವೇ ಶ್ರೇಷ್ಠವೆಂದು ಹಲವರು ಹೇಳುತ್ತಾರೆ, ಅದನ್ನು ಕಾಲುವೆಯ ಮೇಲೆ ಹಾಕಬಹುದೇ?

ಗುಂಡ್ಲುಪೇಟೆಯಿಂದ

ಲಾವಂಚದ ಬಗ್ಗೆ ಎರಡು ಮಾತನ್ನು ನಮ್ಮ ಕಡೆಯವರೇ ಹೇಳಬೇಕು, ಏಕೆಂದರೆ ಇಲ್ಲಿನ ರೈತರು ಹೊಲದ ಬದುಗಳಲ್ಲಿ ಅದನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅದು ಬರವನ್ನೂ ನಿಂತ ನೀರನ್ನೂ ತಡೆಯುತ್ತದೆ, ಉಪ್ಪಿನಂಶ ಹೆಚ್ಚಾದರೂ ಬದುಕುತ್ತದೆ, ದನ ಬಲಿತ ಎಲೆಯನ್ನು ಮೂಸಿ ಮುಂದಕ್ಕೆ ಹೋಗುತ್ತದೆ. ಕೊಳಚೆ ನೀರಿನ ಸಾರಜನಕ, ರಂಜಕಗಳನ್ನು ಹೀರುವುದರಲ್ಲಿಯೂ ಅದು ಗಟ್ಟಿ. ಆದರೆ ಅದರ ಹೆಚ್ಚುಗಾರಿಕೆಯೇ ಇಲ್ಲಿ ತೊಡಕು: ಬೇರುಗಳು ನೇರವಾಗಿ ಮೂರು ಮೀಟರಿನಷ್ಟು ಆಳಕ್ಕೂ ಇಳಿಯಬಲ್ಲವು. ಅರ್ಧ ಮೀಟರ್ ಆಳದಲ್ಲಿ ತೂತುಕೊಳವೆ ಇರುವಾಗ ಅದರ ನೆತ್ತಿಯ ಮೇಲೆ ಲಾವಂಚವನ್ನು ನೆಡುವುದು ಬೇರನ್ನು ಕೊಳವೆಯ ಬಾಯಿಗೆ ನಾವೇ ಕರೆದೊಯ್ದಂತೆ.

ಅದನ್ನು ಕಾಲುವೆಗಳ ಇಳಿಜಾರಿನ ಬದಿಯಲ್ಲಿ, ಕಡೆಯ ಕಾಲುವೆಯ ಅಂಚಿನಿಂದ ಎರಡು ಮೀಟರ್ ಬಿಟ್ಟು, ಗೇಣಿಗಿಂತ ಕಡಿಮೆ ಅಂತರದಲ್ಲಿ ಒಂದೇ ಸಾಲಾಗಿ ನೆಡಿ. ಅಲ್ಲಿ ಅದು ಪಕ್ಕಕ್ಕೆ ಸರಿಯುವ ನೀರನ್ನು ಹೀರುತ್ತದೆ, ಮಳೆಯಲ್ಲಿ ಕೊಚ್ಚಿಬರುವ ಮಣ್ಣನ್ನೂ ತಡೆಯುತ್ತದೆ. ಮೇಲಿನ ಬದಿಯಲ್ಲಿ ಲಾವಂಚ ಬೇಡ. ಅಲ್ಲಿ ಬೇಕಾಗಿರುವುದು ಮಳೆನೀರು ಕಾಲುವೆಯ ಮೇಲೆ ಹರಿಯದಂತೆ ಬೇರೆಡೆಗೆ ತಿರುಗಿಸುವ ಸಣ್ಣ ಬದು. ಹುಲ್ಲನ್ನು ವರ್ಷಕ್ಕೆ ಎರಡು ಬಾರಿ ಮೊಣಕಾಲೆತ್ತರಕ್ಕೆ ಕೊಯ್ದು ಆ ಜಾಗದಿಂದ ಹೊರಕ್ಕೆ ಹಾಕಿ. ಅಲ್ಲಿಯೇ ಕೊಳೆಯಲು ಬಿಟ್ಟರೆ ಅದು ಹೀರಿದ್ದೆಲ್ಲ ಮತ್ತೆ ಮಣ್ಣಿಗೇ ಸೇರುತ್ತದೆ.

ಧಾರವಾಡದಿಂದ

ಎರೆಭೂಮಿಯವರು ಈ ಸಲಹೆಗಳನ್ನು ಹಾಗೆಯೇ ಅನುಸರಿಸಬಾರದು. ನಮ್ಮ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಗುಣಿ ತೋಡಿ, ಹಿಂದಿನ ದಿನವೇ ನೀರು ಕುಡಿಸಿ, ಮರುದಿನ ತುಂಬಿದ ನೀರು 25 ಮಿಲಿಮೀಟರ್ ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಅಲ್ಲಿ ಇಂಗುಕಾಲುವೆಯೇ ಸಲ್ಲದು, ಮತ್ತೆ ಗಿಡದ ಮಾತೆಲ್ಲಿ? ಇಂಗುವಂತಿದ್ದರೂ ಬಟ್ಟೆ ಸೋಡಾದ ವಿಷಯದಲ್ಲಿ ಎಚ್ಚರವಿರಲಿ. ಅದರ ಸೋಡಿಯಂ ಜೇಡಿಯ ಕಣಗಳನ್ನು ಚದುರಿಸಿ ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ಯಾವ ದೇಸಿ ಗಿಡ ಹಾಕಿದರೂ ಎಲೆಯಂಚು ಸುಡುತ್ತದೆ. ನಮ್ಮ ಕಡೆ ಕರಿಕೆ ಎನ್ನುವ ಆ ಗರಿಕೆಯೊಂದೇ ಇಂತಹ ಮಣ್ಣಿನಲ್ಲಿಯೂ ತಾಳಿಕೊಳ್ಳುತ್ತದೆ.

ಅಮೆರಿಕದ ನಾರ್ತ್ ಕೆರೊಲಿನಾದಿಂದ, ಮೂಲ ಊರು ಹಾಸನ

ಈ ದೇಶದಲ್ಲಿ ಐದರಲ್ಲಿ ಒಂದು ಮನೆಗಿಂತಲೂ ಹೆಚ್ಚು ಮನೆಗಳು ಸೆಪ್ಟಿಕ್ ವ್ಯವಸ್ಥೆಯನ್ನೇ ನಂಬಿರುವುದರಿಂದ ಇದರ ಚರ್ಚೆ ಬಹಳ ನಡೆಯುತ್ತದೆ. ಇಲ್ಲಿನ ಗಿಡಗಳ ಹೆಸರು ನಿಮಗೆ ಪ್ರಯೋಜನವಿಲ್ಲ, ಪಾಲಿಸುವ ಕಟ್ಟುಪಾಡುಗಳು ಮಾತ್ರ ಅಲ್ಲಿಯೂ ಸಲ್ಲುತ್ತವೆ: ಕಾಲುವೆಯ ಮೇಲೆ ಉಳುಮೆ ಇಲ್ಲ, ವಾಹನ ನಿಲ್ಲಿಸುವುದಿಲ್ಲ, ಪ್ಲಾಸ್ಟಿಕ್ ಹಾಳೆ ಹೊದಿಸುವುದಿಲ್ಲ, ಗಿಡಕ್ಕೆಂದು ಹೊಸ ಮಣ್ಣನ್ನು ದಪ್ಪವಾಗಿ ಸುರಿಯುವುದಿಲ್ಲ, ಏಕೆಂದರೆ ಕೊಳಚೆಯನ್ನು ಶುದ್ಧಮಾಡುವ ಸೂಕ್ಷ್ಮಜೀವಿಗಳಿಗೆ ಮೇಲಿನಿಂದ ಗಾಳಿ ಇಳಿಯಬೇಕು. ನೆಡುವಾಗ ಕೈಗವಸು ಹಾಕಿಕೊಳ್ಳಿ. ನಿಮ್ಮಲ್ಲಿ ದನಗಳ ಓಡಾಟವಿದ್ದರೆ ಬೇಲಿಯೂ ಬೇಕು. ಗೊರಸಿನ ತುಳಿತಕ್ಕೆ ಒದ್ದೆ ಮಣ್ಣು ಬೇಗ ಗಟ್ಟಿಯಾಗುತ್ತದೆ.

ಮತ್ತೆ ಕೊರಟಗೆರೆಯಿಂದ

ಮರಗಳ ವಿಚಾರ ಯಾರೂ ಎತ್ತಲಿಲ್ಲ. ಆಲ, ಅರಳಿ, ಅತ್ತಿ, ಬಿದಿರು, ಇವು ಅಪ್ಪಟ ದೇಸಿಯಾದರೂ ಬೇರುಗಳು ತೇವವನ್ನು ಅರಸಿ ಬಹುದೂರ ಬರುತ್ತವೆ; ಬೆಳೆದು ನಿಂತಾಗ ಎಷ್ಟು ಎತ್ತರವಾಗುತ್ತವೆಯೋ ಕನಿಷ್ಠ ಅಷ್ಟು ದೂರದಲ್ಲಿರಲಿ. ಹಲಸು, ಹೊಂಗೆ, ಬೇವಿಗೂ ಅದೇ ಲೆಕ್ಕ. ಹಕ್ಕಿಗಳು ಬಿತ್ತಿದ ಅರಳಿ ಸಸಿ ಕಾಲುವೆಯ ಮೇಲೆ ಕಂಡರೆ ಎರಡೆಲೆ ಇರುವಾಗಲೇ ಕಿತ್ತುಬಿಡಿ, ಪೂಜ್ಯವೆಂದು ಬಿಟ್ಟರೆ ಮುಂದೆ ಕಡಿಯಲು ಯಾರೂ ಒಪ್ಪುವುದಿಲ್ಲ. ಹಸಿರು ಬೇಲಿ ಬೇಕೆಂದರೆ ಆಚೆಯ ಗಡಿಯಲ್ಲಿ ಆಡುಸೋಗೆ ಹಾಕಬಹುದು, ಅದನ್ನು ಆಡೂ ಮುಟ್ಟುವುದಿಲ್ಲ.

ಗರಿಕೆಯನ್ನು ಬೀಜದಿಂದ ಎಬ್ಬಿಸುವ ಬದಲು ಕೆರೆ ಏರಿಯ ಮೇಲಿನ ಬಳ್ಳಿಗಳನ್ನು ತಂದು, ನಾಲ್ಕು ಬೆರಳಿನಷ್ಟು ತುಂಡು ಮಾಡಿ, ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ಕೈಯಿಂದಲೇ ಒತ್ತಿ ನೆಡಿ. ಗುದ್ದಲಿಯನ್ನು ಆಳಕ್ಕೆ ಹಾಕಬೇಡಿ. ಗೊಬ್ಬರ ಬೇಡವೇ ಬೇಡ. ಮಳೆ ಕೈಕೊಟ್ಟರೆ ಬೇರು ಹಿಡಿಯುವವರೆಗೆ ಸಂಜೆ ಹೊತ್ತು ಕೈಯಿಂದ ಚಿಮುಕಿಸಿದರೆ ಸಾಕು, ದೀಪಾವಳಿಯ ಹೊತ್ತಿಗೆ ನೆಲ ಮುಚ್ಚಿಕೊಳ್ಳುತ್ತದೆ.