ಹನ್ನೆರಡು ಪುಸ್ತಕಗುರುತು, ಇಪ್ಪತ್ತೈದು ಮುಯ್ಯಿ ಲಕೋಟೆ: ವಿದೇಶಕ್ಕೆ ಕಳುಹಿಸುವುದು ಹೇಗೆ?

ಚಿತ್ತಾರಗಿತ್ತಿ:

ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು, ಹಸೆ ಚಿತ್ತಾರ ಬರೆಯುತ್ತೇನೆ. ನಮ್ಮಲ್ಲಿ ಚಿತ್ತಾರವನ್ನು ಬಿಡಿಸುವುದಿಲ್ಲ, ಬರೆಯುತ್ತೇವೆ. ಅಜ್ಜಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಅದ್ದಿಕೊಂಡು, ಪುಂಡಿನಾರಿನ ಕುಂಚ ಹಿಡಿದು ಬರೆಯುತ್ತಿದ್ದುದನ್ನು ನಾನು ಕಾಗದಕ್ಕೆ ಇಳಿಸಿದ್ದೇನೆ, ಅಷ್ಟೆ. ಪುಸ್ತಕಗುರುತು, ಶುಭಾಶಯದ ಕಾರ್ಡು, ಮದುವೆ ಗೃಹಪ್ರವೇಶಗಳಿಗೆ ಮುಯ್ಯಿ ಲಕೋಟೆ. ಎರಡು ವರ್ಷದಿಂದ ಆನ್‌ಲೈನಿನಲ್ಲಿ ಮಾರುತ್ತಿದ್ದೇನೆ. ದೇಶದೊಳಗಿನ ಮಾರಾಟಕ್ಕೆ ತೊಂದರೆ ಇಲ್ಲ. ಗಡಿ ದಾಟಿಸುವಾಗ ಎರಡು ಸಲ ಎಡವಿದೆ.

ಮೊದಲನೆಯದು ಮೆಲ್ಬರ್ನಿಗೆ ಹೊರಟಿದ್ದ ಹನ್ನೆರಡು ಪುಸ್ತಕಗುರುತು. ಒಂದೊಂದೂ 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ, 300 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 300 ಗ್ರಾಂ. ಲೆಕ್ಕ ಹಾಕಿದರೆ ಒಂದಕ್ಕೆ ಎರಡೂಕಾಲು ಗ್ರಾಂ, ಹನ್ನೆರಡೂ ಸೇರಿ 27 ಗ್ರಾಂ. ಇಷ್ಟು ಹಗುರದ್ದಕ್ಕೆ ಪಾರ್ಸೆಲ್ ಯಾಕೆ ಎಂದು ಸಾಮಾನ್ಯ ಲಕೋಟೆಗೆ ಹಾಕಿ, ಅಂಚೆಚೀಟಿ ಹಚ್ಚಿ, ಡಬ್ಬಿಗೆ ಹಾಕಿಬಿಟ್ಟೆ. ಏಳು ವಾರದ ನಂತರ ವಾಪಸ್ಸು ಬಂತು. ಕಸ್ಟಮ್ಸ್ ಘೋಷಣೆ ಇಲ್ಲ ಎಂಬ ಚೀಟಿ ಮೇಲೆ ಅಂಟಿತ್ತು. ಅಷ್ಟರಲ್ಲಿ ಮಳೆಗಾಲ. ಒಳಗಿದ್ದವು ಅಡಿಕೆ ಹಾಳೆಯ ಹಾಗೆ ಬಾಗಿಕೊಂಡಿದ್ದವು. ತಪ್ಪು ನನ್ನದೇ, ಕೌಂಟರಿನಲ್ಲಿ ಒಂದು ಮಾತು ಕೇಳಬಹುದಿತ್ತು.

ಎರಡನೆಯದು ಜರ್ಮನಿಗೆ, ಗೃಹಪ್ರವೇಶಕ್ಕೆಂದು ಇಪ್ಪತ್ತೈದು ಮುಯ್ಯಿ ಲಕೋಟೆ. ಈ ಸಲ ಬುದ್ಧಿ ಬಂದು ಕೌಂಟರಿಗೇ ಹೋದೆ. ಮುಯ್ಯಿ ಲಕೋಟೆ ಎಂದ ಮೇಲೆ ಮುಂಭಾಗದಲ್ಲಿ ಒಂದು ರೂಪಾಯಿ ನಾಣ್ಯ ಇರಲೇಬೇಕಲ್ಲ, ಅಂಟಿಸಿದ್ದೆ. ಕಟ್ಟನ್ನು ಮೇಜಿನ ಮೇಲೆ ಇಟ್ಟಾಗ ಝಣ್ ಎಂದಿತು. ಒಳಗಿದ್ದವರು ತಲೆಯೆತ್ತಿ ನೋಡಿ, “ನಾಣ್ಯ ಹೋಗುವುದಿಲ್ಲ” ಎಂದರು. ಸರದಿಯಲ್ಲಿ ಹಿಂದೆ ಎಂಟು ಜನ ನಿಂತಿದ್ದರು. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ, ಎತ್ತಿಕೊಂಡು ಬಂದೆ.

ತಿಳಿದವರು ದಯವಿಟ್ಟು ಹೇಳಿ. ಕಾಗದದ ಚೂರುಗಳನ್ನು ಕಾಗದದ ಹಾಗೆಯೇ ಕಳುಹಿಸಲು ಆಗುವುದೇ ಇಲ್ಲವೇ? ನಾಣ್ಯಕ್ಕೆ ಏನಾದರೂ ದಾರಿ ಇದೆಯೇ? ಮೆಲ್ಬರ್ನಿನ ಗ್ರಾಹಕರು “ಉಡುಗೊರೆ ಎಂದು ಬರೆದುಬಿಡಿ, ಯಾರೂ ಕೇಳುವುದಿಲ್ಲ” ಎನ್ನುತ್ತಾರೆ, ಬರೆಯಲೇ? ಅವರೇ ತುಳಸಿ ಬೀಜ ಸೇರಿಸಿದ ಕಾಗದದ ಕಾರ್ಡೂ ಬೇಕು ಎಂದಿದ್ದಾರೆ. ಇನ್ನೊಬ್ಬರು ನ್ಯೂಜೆರ್ಸಿಯಿಂದ, ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಮೋಡಿ ಎಂಬ ಹಿಂದಿನ ಕಾಲದ ಕೂಡುಬರಹದ ಲಿಪಿಯ ಹಳೆಯ ಕಾಗದಪತ್ರ ಇರುವುದನ್ನು ಫೋಟೋದಲ್ಲಿ ನೋಡಿ, ಅದನ್ನೂ ಕೊಡುತ್ತೀರಾ ಎಂದು ಕೇಳಿದ್ದಾರೆ. ಒಳ್ಳೆಯ ಬೆಲೆಯನ್ನೇ ಹೇಳುತ್ತಿದ್ದಾರೆ.

ಹಳೆಯ ಮೊಹರು:

ತಂಗಿ, ನಾನು ಅಂಚೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು, ಅದರಲ್ಲಿ ಹೆಚ್ಚಿನ ಕಾಲ ಕೌಂಟರಿನ ಹಿಂದೆ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರ ಇದೆ. ಕನ್ನಡದಲ್ಲಿ ಕಾಗದ ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. “ಮಗನಿಗೆ ಕಾಗದ ಹಾಕಿದೆ” ಎನ್ನುತ್ತೇವೆ. ಆದರೆ ಅಂತರರಾಷ್ಟ್ರೀಯ ಅಂಚೆಗೆ ಇವೆರಡೂ ಬೇರೆ. ಒಬ್ಬರು ಇನ್ನೊಬ್ಬರಿಗೆ ಬರೆದ ಸಮಾಚಾರವಿದ್ದರೆ ಅದು ಪತ್ರ. ಬೆಲೆ ಕಟ್ಟಿ ಮಾರಿದ್ದು ಸರಕು. ಅದು ಎರಡೂಕಾಲು ಗ್ರಾಂ ಇರಲಿ, ಎರಡು ಕಿಲೋ ಇರಲಿ, ಹತ್ತಿಯಿಂದ ಮಾಡಿದ್ದಿರಲಿ, ಹಾಳೆಯಿಂದ ಮಾಡಿದ್ದಿರಲಿ. ಕೌಂಟರಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಸಿ ನೂರರ ಕಟ್ಟನ್ನು ದುಬೈಗೆ “ಪತ್ರ” ಎಂದು ಕಳುಹಿಸಲು ಬಂದವರು ನನ್ನ ಮೇಲೆ ರೇಗಿಕೊಂಡು ಹೋಗಿದ್ದಾರೆ.

ಸರಕು ಎಂದ ಮೇಲೆ ಘೋಷಣೆ ಬೇಕು. ಸಣ್ಣ ಹಸಿರು ಚೀಟಿಯ ಹೆಸರು ಸಿಎನ್ 22. ಬೆಲೆ 300 ಎಸ್‌ಡಿಆರ್ ದಾಟಿದರೆ ದೊಡ್ಡ ನಮೂನೆ, ಸಿಎನ್ 23. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ರೂಪಾಯಿಗೆ ತಿರುಗಿಸಿದರೆ ಮೂವತ್ತು ಸಾವಿರಕ್ಕೂ ಮಿಕ್ಕುತ್ತದೆ, ನಿಮ್ಮ ಪುಸ್ತಕಗುರುತು ಅಲ್ಲಿಗೆ ಮುಟ್ಟುವ ದಿನ ಬರಲಿ. 2021ರಿಂದ ಇನ್ನೊಂದು ಕಟ್ಟಳೆ ಬಂದಿದೆ: ಚೀಟಿಯಲ್ಲಿರುವ ವಿವರವೇ ಕಂಪ್ಯೂಟರಿನ ಮೂಲಕ ಪೊಟ್ಟಣಕ್ಕಿಂತ ಮುಂಚೆ ಆ ದೇಶವನ್ನು ಸೇರಬೇಕು. ಡಬ್ಬಿಗೆ ಹಾಕಿದ ಲಕೋಟೆಗೆ ಅದನ್ನು ಯಾರು ತುಂಬಬೇಕು ಹೇಳಿ? ಅದಕ್ಕೇ ನಿಮ್ಮದು ತಿರುಗಿ ಬಂತು.

ನಿಮಗೆ ಹೊಂದುವುದು ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್ ಎಂಬ ಅಂಚೆ ಸೇವೆ. 2 ಕಿಲೋವರೆಗೆ ಹೋಗುತ್ತದೆ, ಎಲ್ಲಿ ತಲುಪಿತು ಎಂದು ನೋಡಬಹುದು, ಸ್ಪೀಡ್ ಪೋಸ್ಟಿಗಿಂತ ಅಗ್ಗ. ಆದರೂ 27 ಗ್ರಾಂ ಸರಕಿಗೆ ಮೂಗಿಗಿಂತ ಮೂಗುತಿ ಭಾರ ಎನ್ನಿಸುವುದು ಖಂಡಿತ. ಆದ್ದರಿಂದ ಒಂದೇ ಕಟ್ಟನ್ನು ಮಾರಬೇಡಿ. ಮೂರು ಕಟ್ಟು ಒಟ್ಟಿಗೆ ಕೊಂಡರೆ ಅಂಚೆ ವೆಚ್ಚ ಹಂಚಿಹೋಗುತ್ತದೆ ಎಂದು ಗ್ರಾಹಕರಿಗೆ ಮೊದಲೇ ತಿಳಿಸಿ.

ಮಾರಾಟಕ್ಕಾಗಿ ಹೊರಗೆ ಕಳುಹಿಸುತ್ತಿದ್ದೀರಿ ಎಂದರೆ ನೀವು ರಫ್ತುದಾರರು. ನಗಬೇಡಿ, ಕಾನೂನಿನ ಕಣ್ಣಿಗೆ ಹಾಗೆಯೇ. ಆಮದು-ರಫ್ತು ಸಂಕೇತ, ಅಂದರೆ ಐಇಸಿ, ಮಾಡಿಸಿಕೊಳ್ಳಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಮನೆಯಿಂದಲೇ ಆಗುತ್ತದೆ, ಶುಲ್ಕ 500 ರೂಪಾಯಿ, ನಿಮ್ಮ ಪ್ಯಾನ್ ಸಂಖ್ಯೆಯೇ ಸಂಕೇತವಾಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಸರಿಯಿದೆ ಎಂದು ಅದೇ ತಾಣದಲ್ಲಿ ದೃಢಪಡಿಸಬೇಕು, ಮರೆತರೆ ಸಂಕೇತ ನಿಷ್ಕ್ರಿಯವಾಗುತ್ತದೆ. ಆಮೇಲೆ ಡಾಕ್ ಘರ್ ನಿರ್ಯಾತ್ ಕೇಂದ್ರದ, ಅಂದರೆ ಅಂಚೆ ಇಲಾಖೆಯ ರಫ್ತು ಕೇಂದ್ರದ, ತಾಣದಲ್ಲಿ ಖಾತೆ ತೆರೆಯಿರಿ. ರಫ್ತಿನ ಬಿಲ್ಲು ಅಲ್ಲಿಯೇ ತುಂಬಿ, ಚೀಟಿ ಮುದ್ರಿಸಿ, ಅಂಟಿಸಿ, ಆ ಸೌಲಭ್ಯ ಇರುವ ಹತ್ತಿರದ ಅಂಚೆ ಕಚೇರಿಗೆ ಕೊಟ್ಟರೆ ಆಯಿತು. ಕಸ್ಟಮ್ಸ್‌ನವರ ಎದುರು ನೀವು ನಿಲ್ಲಬೇಕಾಗಿಲ್ಲ.

ಏನು ಬರೆಯಬೇಕು ಎಂಬುದರಲ್ಲಿ ಜನ ಕೆಡುತ್ತಾರೆ. “ಕಾಗದದ ವಸ್ತು” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಚ್ಚಾದ ಕಾಗದದ ಪುಸ್ತಕಗುರುತು, 12, ತೂಕ ಇಷ್ಟು, ಬೆಲೆ ಇಷ್ಟು ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಜೊತೆಗೆ ಎಚ್‌ಎಸ್ ಸಂಕೇತ, ಅಂದರೆ ಸರಕು ಯಾವ ಬಗೆಯದು ಎಂದು ಎಲ್ಲ ದೇಶಗಳ ಕಸ್ಟಮ್ಸ್‌ಗೂ ತಿಳಿಸುವ ಸಂಖ್ಯೆ. ಶುಭಾಶಯದ ಕಾರ್ಡು 4909, ಲಕೋಟೆ 4817, ಅಚ್ಚಾದ ಪುಸ್ತಕಗುರುತನ್ನು ಸಾಮಾನ್ಯವಾಗಿ 4911ರಲ್ಲಿ ಸೇರಿಸುತ್ತಾರೆ. ನೀವು ಪೂರ್ತಿ ಕೈಯಲ್ಲೇ ಬರೆದ ದೊಡ್ಡ ಚಿತ್ತಾರ ಮಾರುವ ದಿನ ಬಂದರೆ ಅದು 9701, ಕಲಾಕೃತಿ. ಅದನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಕಾರ್ಡಿಗೆ ಆ ಗೌರವವಿಲ್ಲ.

ಉಡುಗೊರೆ ಎಂದು ಬರೆಯಬೇಡಿ. ಚೀಟಿಯಲ್ಲಿ ಉಡುಗೊರೆಗೆ ಒಂದು ಚೌಕ, ಮಾರಾಟದ ಸರಕಿಗೆ ಇನ್ನೊಂದು ಚೌಕ ಇರುತ್ತದೆ. ಕೆಳಗೆ ಸಹಿ ನಿಮ್ಮದು, ಗ್ರಾಹಕರದಲ್ಲ. ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರೂ ನೀವೇ.

ನಾಣ್ಯದ ವಿಷಯದಲ್ಲಿ ಕೌಂಟರಿನವರು ಹೇಳಿದ್ದು ಸರಿ. ನಾಣ್ಯ, ನೋಟು, ಬೆಳ್ಳಿ, ಬಂಗಾರ ಇವನ್ನು ವಿಮೆ ಮಾಡಿಸದ ಟಪಾಲಿನಲ್ಲಿ ಗಡಿ ದಾಟಿಸಬಾರದು ಎಂಬುದು ವಿಶ್ವ ಅಂಚೆ ಒಕ್ಕೂಟದ ನಿಯಮ. ಒಂದು ರೂಪಾಯಿಯೂ ನಾಣ್ಯವೇ. ಬಾಗಿಲಲ್ಲಿ ಕಾದು ನಿಂತ ಎಂಟು ಜನರಿಗೆ ಅಂಜಬೇಡಿ, ಕೇಳಿ. ಕೇಳಿದರೆ ಹೇಳುವುದು ನಮ್ಮ ಕೆಲಸ. ನಮ್ಮ ಎಂದುಬಿಟ್ಟೆ, ನಿವೃತ್ತನಾಗಿ ಆರು ವರ್ಷವಾಯಿತು.

ರೈನ್ ದಂಡೆ:

ನಾನು ಜರ್ಮನಿಯಲ್ಲಿ ಹತ್ತು ವರ್ಷದಿಂದ ಇರುವವಳು, ಮೂಲ ತೀರ್ಥಹಳ್ಳಿ. ಮಾರುವವಳಲ್ಲ, ಕೊಳ್ಳುವವಳು. ಕೊಳ್ಳುವವರ ಬಾಗಿಲಲ್ಲಿ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

2021ರ ಜುಲೈ 1ರ ಮೊದಲು 22 ಯೂರೋ ಒಳಗಿನ ಪೊಟ್ಟಣಗಳಿಗೆ ಐರೋಪ್ಯ ಒಕ್ಕೂಟದಲ್ಲಿ ಆಮದಿನ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ವಿನಾಯಿತಿ ಇತ್ತು. ಈಗಿಲ್ಲ. ದೊಡ್ಡ ಮಾರಾಟ ತಾಣಗಳಲ್ಲಿ ಕೊಂಡರೆ 150 ಯೂರೋವರೆಗೆ ಅವರೇ ವ್ಯಾಟ್ ಹಿಡಿದು ಕಟ್ಟುತ್ತಾರೆ. ಅದಕ್ಕೆ ಐಒಎಸ್‌ಎಸ್ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಪೊಟ್ಟಣದ ವಿವರದ ಜೊತೆ ಕಂಪ್ಯೂಟರಿನಲ್ಲಿ ಬರದಿದ್ದರೆ ಇಲ್ಲಿನವರಿಗೆ ನಾನು ತೆರಿಗೆ ಕಟ್ಟಿದ್ದೇ ಗೊತ್ತಾಗುವುದಿಲ್ಲ. ಹೋದ ದೀಪಾವಳಿಗೆ ಜೈಪುರದ ಒಬ್ಬರಿಂದ ಕಾಗದದ ಆಕಾಶಬುಟ್ಟಿ ತರಿಸಿದ್ದೆ. ಕೊಳ್ಳುವಾಗ ಒಂದು ಸಲ ತೆರಿಗೆ, ಬಾಗಿಲಿಗೆ ಬಂದಾಗ ಇನ್ನೊಂದು ಸಲ, ಅದರ ಮೇಲೆ ತೆರಿಗೆಗಿಂತ ದೊಡ್ಡ ಸೇವಾಶುಲ್ಕ. ಆಕಾಶಬುಟ್ಟಿ ಚೆನ್ನಾಗಿಯೇ ಇತ್ತು. ಆದರೆ ಅವರಿಂದ ಮತ್ತೆ ಕೊಂಡಿಲ್ಲ.

ನೀವು ತಾಣದ ಮೂಲಕ ಮಾರಿದರೆ ಆ ಸಂಖ್ಯೆಯನ್ನು ಮರೆಯದೆ ನಮೂನೆಯಲ್ಲಿ ಸೇರಿಸಿ. ನೇರವಾಗಿ ಸಂದೇಶದಲ್ಲಿ ಮಾತಾಡಿ ಮಾರಿದರೆ “ನಿಮ್ಮ ಬಾಗಿಲಲ್ಲಿ ತೆರಿಗೆ, ಶುಲ್ಕ ಬೀಳಬಹುದು” ಎಂದು ಮೊದಲೇ ಹೇಳಿಬಿಡಿ. ಹಣಕ್ಕಿಂತ, ಗೊತ್ತಿಲ್ಲದೆ ಬಿದ್ದದ್ದು ನೋಯಿಸುತ್ತದೆ.

ಮುಯ್ಯಿ ಲಕೋಟೆಗೆ ನಾಣ್ಯ ನಾವೇ ಅಂಟಿಸಿಕೊಳ್ಳುತ್ತೇವೆ, ಜಾಗ ಬಿಡಿ ಸಾಕು. ನಮ್ಮ ಕನ್ನಡ ಕೂಟದ ಮದುವೆಗಳಲ್ಲಿ ಹಾಗೆಯೇ ಮಾಡುತ್ತೇವೆ. ಜಿಪುಣರು ಒಂದು ಸೆಂಟ್, ಉಳಿದವರು ಒಂದು ಯೂರೋ.

ಬೆಂಕಿಪೊಟ್ಟಣ:

ನಾನು ಹಳೆಯ ಬೆಂಕಿಪೊಟ್ಟಣದ ಚೀಟಿ, ಬಳಸಿದ ಅಂಚೆಚೀಟಿ ಮಾರುವವನು. ಮೋಡಿ ಪತ್ರಗಳ ಬಗ್ಗೆ ಮಾತ್ರ ಹೇಳುತ್ತೇನೆ, ಮೇಡಂ. ಅದನ್ನು ಕಳುಹಿಸಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಸಾಮಾನ್ಯ ವಸ್ತುವಿಗೆ ನೂರು ವರ್ಷದ ಗಡಿ. ಐತಿಹಾಸಿಕ, ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಎಪ್ಪತ್ತೈದೇ ವರ್ಷ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಒಳ್ಳೆಯ ಬೆಲೆ ಬಂದರೂ ಅಷ್ಟೆ. ನಿಮ್ಮ ಅಟ್ಟದಲ್ಲಿರುವುದು ಜಮೀನಿನ ಲೆಕ್ಕವೋ ಇನ್ನೇನೋ, ಮೋಡಿ ಓದಬಲ್ಲವರಿಗೆ ಮೊದಲು ತೋರಿಸಿ. ನ್ಯೂಜೆರ್ಸಿಯವರಿಗೆ ಬೇಕಿದ್ದರೆ ಫೋಟೋ ಕೊಡಿ.

ಅಮೆರಿಕಕ್ಕೆ ಚಿತ್ತಾರವನ್ನೇ ಕಳುಹಿಸುವುದಾದರೂ ಈಗ ಲೆಕ್ಕ ಬೇರೆ. 800 ಡಾಲರ್ ಒಳಗಿನ ಸರಕಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ನಿಂತುಹೋಯಿತು. ನಮ್ಮ ಅಂಚೆಯವರು ಆಗ ಅಲ್ಲಿಗೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿದರು. ಸುಂಕವನ್ನು ಇಲ್ಲಿ ಬುಕ್ ಮಾಡುವಾಗಲೇ ಕಟ್ಟುವ ಏರ್ಪಾಡು. ದರ ಆಗಾಗ ಬದಲಾಗುತ್ತಿರುವುದರಿಂದ ಕಳುಹಿಸುವ ದಿನವೇ ಕೇಳಿ, ಆಮೇಲೆ ಬೆಲೆ ಹೇಳಿ. ನಾನು ಹಿಂದಿನ ತಿಂಗಳ ಬೆಲೆ ಹೇಳಿ, ಕೈಯಿಂದ ಹಾಕಿದ್ದೇನೆ.

ತುಳಸಿ ಬೀಜದ ಕಾಗದವನ್ನು ಆಸ್ಟ್ರೇಲಿಯಕ್ಕೆ ಕಳುಹಿಸುವ ಯೋಚನೆಯೂ ಬೇಡ. ಬೀಜ ಕಾಗದದೊಳಗಿದ್ದರೂ ಅವರಿಗೆ ಬೀಜವೇ. ಜೈವಿಕ ಸುರಕ್ಷತೆಯವರು ತಡೆಯುತ್ತಾರೆ. ಪ್ಯಾಕಿಂಗಿಗೆ ಹುಲ್ಲು, ಒಣ ಎಲೆ ಹಾಕುವ ಚಪಲವಿದ್ದರೆ ಅದನ್ನೂ ಬಿಡಿ.

ಚಿತ್ತಾರಗಿತ್ತಿ:

ಎಲ್ಲರಿಗೂ ಕೈಮುಗಿದೆ. ಐಇಸಿಗೆ ನಿನ್ನೆ ರಾತ್ರಿಯೇ ಅರ್ಜಿ ಹಾಕಿದೆ. ರಫ್ತುದಾರಳು ಎಂದು ಅಮ್ಮನಿಗೆ ಹೇಳಿದರೆ, “ಮೊದಲು ಕೊಟ್ಟಿಗೆಯ ಕೆಲಸ ಮುಗಿಸು” ಎಂದಳು. ಪ್ಯಾಕಿಂಗಿಗೆ ಹುಲ್ಲು ಹಾಕುವ ಚಪಲ ಇತ್ತು, ಬಿಟ್ಟೆ. ಪೆಟ್ಟಿಗೆಯ ಕಾಗದಗಳನ್ನು ಕೊಡುವುದಿಲ್ಲ ಎಂದು ನ್ಯೂಜೆರ್ಸಿಯವರಿಗೆ ಬರೆದಾಯಿತು.

ಮೊಹರಣ್ಣ, ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಕಾಗದ ಬಾಗದಂತೆ ಏನು ಮಾಡುತ್ತಿದ್ದಿರಿ? ನಾನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಬಾಗುವುದಿಲ್ಲ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಬೆಂಗಳೂರಿನ ಒಬ್ಬರು ಅದನ್ನೇ ಹೊಗಳಿದ್ದರು, ಇನ್ನೊಬ್ಬರು ಹಿಂದಿರುಗಿಸಿದರು.

ಹಳೆಯ ಮೊಹರು:

ಅಂಚೆಯಲ್ಲಿ ನಾವು ಮಾಡುತ್ತಿದ್ದುದು ಬೈಯುವುದು, ಅಷ್ಟೆ. ಮನೆಯಲ್ಲಾದರೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕಾಗದ ಅದರಲ್ಲಿ ಒಣಗಿದ ಮೇಲೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಇಲ್ಲದಿದ್ದರೆ ತೇವವನ್ನೂ ಸೇರಿಸಿ ಕಟ್ಟಿದಂತಾಗುತ್ತದೆ. ಎರಡೂ ಕಡೆ ಪುಸ್ತಕಗುರುತಿಗಿಂತ ಅರ್ಧ ಸೆಂಟಿಮೀಟರ್ ದೊಡ್ಡ ರಟ್ಟು ಇಡಿ. ಪೆಟ್ಟು ರಟ್ಟಿನ ಮೂಲೆಗೆ ಬೀಳಲಿ.

ಚಿತ್ತಾರಗಿತ್ತಿ:

ಸರಿ. ರೈನ್ ದಂಡೆಯವರೇ, ಲಕೋಟೆಯ ಮುಂಭಾಗದಲ್ಲಿ ನಾಣ್ಯದ ಜಾಗ ಬಿಟ್ಟು ಸುತ್ತ ಎಳೆ ಬರೆಯುತ್ತೇನೆ. ನಿಮ್ಮಲ್ಲಿ ನಾಣ್ಯದ ಅಳತೆ ಎಷ್ಟು?

ರೈನ್ ದಂಡೆ:

ಒಂದು ಯೂರೋ 23.25 ಮಿ.ಮೀ. ಅಡ್ಡಗಲ. ಒಂದು ಸೆಂಟ್ 16.25.

ಚಿತ್ತಾರಗಿತ್ತಿ:

ಹಾಗಾದರೆ 24 ಮಿ.ಮೀ. ವೃತ್ತ ಬಿಡುತ್ತೇನೆ. ಸೆಂಟ್ ಅಂಟಿಸಿದರೆ ಸುತ್ತ ಖಾಲಿ ಕಾಣುತ್ತದೆ, ಜಿಪುಣರಿಗೆ ಹೇಳಿಬಿಡಿ.